ಮಂಚಕ್ಕೆ ಅರ್ಧ, ಪುಸ್ತಕಕ್ಕೆ ಮೈನಸ್ ಹನ್ನೆರಡು

ಚೀಟಿರಾಯರು ಮೂವತ್ತೊಂದು ವರ್ಷದಿಂದ ಸತ್ತವರ ಸಾಮಾನಿಗೆ ಬೆಲೆ ಕಟ್ಟುತ್ತಾ ಬಂದವರು. ಊರಿನ ಹರಾಜು ಮಳಿಗೆಯಲ್ಲಿ ಅವರ ಹುದ್ದೆಗೆ ದೊಡ್ಡದೊಂದು ಹೆಸರಿದೆ, ಅದು ಸಂಬಳದ ಕಾಗದದಲ್ಲಿ ಒಂದೇ ಸಾಲಿಗೆ ಹಿಡಿಸದು. ಕೆಲಸ ಮಾತ್ರ ಸರಳ. ಯಾರಾದರೂ ತೀರಿಕೊಂಡು, ಮನೆಯವರ ಅಳು ಒಂದು ಹಂತಕ್ಕೆ ಬಂದು, ಮನೆ ಖಾಲಿ ಮಾಡುವ ಮಾತು ಎದ್ದಾಗ ರಾಯರು ಕಂಕುಳಲ್ಲಿ ಫಾರಂ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಹೊರಡುತ್ತಾರೆ. ಕಪಾಟು, ಕುರ್ಚಿ, ಗೋಡೆ ಗಡಿಯಾರ, ಊರುಗೋಲು, ಒಂದೊಂದನ್ನೂ ಮುಟ್ಟಿ, ತಟ್ಟಿ, ತಿರುಗಿಸಿ ನೋಡಿ, ಹಳದಿ ಚೀಟಿಯಲ್ಲಿ ಬೆಲೆ ಬರೆದು ಅಂಟಿಸಿ ಬರುತ್ತಾರೆ. ಹೆತ್ತವರು ಇಟ್ಟ ಹೆಸರು ಅವರ ಹೆಂಡತಿಗೂ ಅಪರೂಪಕ್ಕೊಮ್ಮೆ ನೆನಪಾಗುತ್ತದೆ. ಊರಿಗೆಲ್ಲ ಅವರು ಚೀಟಿರಾಯರೇ.

ಮಳಿಗೆಯ ಎರಡು ನಿಯಮಗಳನ್ನು ಈವರೆಗೆ ಯಾರೂ ಅಲ್ಲಾಡಿಸಿದ್ದಿಲ್ಲ. ಒಂದು, ಯಾರಾದರೂ ಪ್ರಾಣಬಿಟ್ಟ ಮಂಚಕ್ಕೆ ಅರ್ಧ ಬೆಲೆ. ಕೊಳ್ಳುವವರು ಕೇಳಿಯೇ ಕೇಳುತ್ತಾರೆ, ಮಳಿಗೆ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಅರ್ಧ. ಇನ್ನೊಂದು, ಮೂರು ಹರಾಜಿನಲ್ಲಿ ಯಾರೂ ಕೈಯೆತ್ತದ ಸಾಮಾನಿಗೆ ಕಡಿತದ ಫಾರಂ. ಕಾಲು ಮುರಿದಿದ್ದರೆ ಇಷ್ಟು, ಕನ್ನಡಿ ಒಡೆದಿದ್ದರೆ ಇಷ್ಟು, ಹಿಂದಿನ ಬಳಕೆಗೆ ಇಷ್ಟು ಅಂತ ಸಾಲು ಸಾಲಾಗಿ ಕಳೆಯುತ್ತಾ ಹೋಗಿ, ಕೊನೆಗೆ ಉಳಿದದ್ದೇ ಬೆಲೆ. ಕೆಲವಕ್ಕೆ ಸೊನ್ನೆಗಿಂತ ಕೆಳಗೆ ಬರುವುದೂ ಉಂಟು, ಅಂಥವನ್ನು ಹೊತ್ತುಕೊಂಡು ಹೋಗುವವರಿಗೆ ಮನೆಯವರೇ ಕೂಲಿ ಕೊಡಬೇಕು. ಒಮ್ಮೆ ಒಬ್ಬ ಹೆಂಗಸು ಗಂಡನ ಬೀರುವಿಗೆ ಹಣೆಯೊತ್ತಿ ಅತ್ತಾಗ ರಾಯರು ಅವಳ ಅಳು ಮುಗಿಯುವ ತನಕ ತಲೆತಗ್ಗಿಸಿ ಕಾದು, ಆಮೇಲೆ ಪಾಲಿಶ್ ಮೇಲೆ ನೀರಿನ ಕಲೆ ಬಿದ್ದಿದೆ ಅಂತ ಇನ್ನೂ ಐದು ಕಡಿದಿದ್ದರು. ಕೆಟ್ಟ ಮನುಷ್ಯರಲ್ಲ. ಫಾರಂ ಅಂದರೆ ಫಾರಂ, ಅಷ್ಟೆ.

ಇಂಥವರು ಒಂದು ಪುಸ್ತಕ ಬರೆದರು. ಹೆಸರು ‘ಸತ್ತವರ ಮನೆ ಖಾಲಿ ಮಾಡುವ ಕ್ರಮ’. ನೂರ ಹನ್ನೆರಡು ಪುಟ. ಯಾವ ಕೋಣೆಯಿಂದ ಶುರು ಮಾಡಬೇಕು, ಔಷಧದ ಡಬ್ಬಿಗಳನ್ನು ಎಲ್ಲಕ್ಕಿಂತ ಮೊದಲು ಯಾಕೆ ಕಣ್ಮರೆ ಮಾಡಬೇಕು, ಕನ್ನಡಕ ಯಾರಿಗೆ, ಹಲ್ಲಿನ ಸೆಟ್ಟು ಎಲ್ಲಿಗೆ, ಒಡಹುಟ್ಟಿದವರು ಕೊರಳಪಟ್ಟಿ ಹಿಡಿಯುವುದು ಒಡವೆಗಲ್ಲ, ಹಳೇ ರೇಡಿಯೋಗೆ, ಹೀಗೆ ಕಣ್ಣಾರೆ ಕಂಡದ್ದನ್ನೆಲ್ಲ ಬರೆದಿದ್ದರು. ನಾಲ್ಕು ಜನ ಪ್ರಕಾಶಕರಿಗೆ ಕಳಿಸಿದರು. ಮೂವರು ಸುಮ್ಮನಿದ್ದರು. ನಾಲ್ಕನೆಯವರು, ಓದುಗರಲ್ಲಿ ಉತ್ಸಾಹ ತುಂಬುವಂಥದ್ದೇನಾದರೂ ಇದ್ದರೆ ಕಳಿಸಿ ಎಂದು ಬರೆದರು. ಕೊನೆಗೆ ನೋಟರಿ ಕಚೇರಿಯಲ್ಲಿ ಟೈಪಿಸ್ಟಾಗಿದ್ದ ಹೆಂಡತಿ ಊಟದ ಬಿಡುವಿನಲ್ಲಿ ದಿನಕ್ಕೆ ಎರಡೆರಡು ಪುಟ ಕುಟ್ಟಿ, ಯಾರು ಬೇಕಾದರೂ ತಮ್ಮ ಪುಸ್ತಕ ಹಾಕಿಕೊಳ್ಳಬಹುದಾದ ವೆಬ್‌ಸೈಟೊಂದಕ್ಕೆ ಅದನ್ನು ಇ-ಪುಸ್ತಕವಾಗಿ ಏರಿಸಿದಳು. ಮೊದಲ ಪುಟದಲ್ಲಿ ‘ಅಕ್ಕನಿಗೆ’ ಅಂತ ಒಂದೇ ಒಂದು ಪದ.

ಅಕ್ಕ ಅಂದರೆ ರಾಯರಿಗೆ ತಾಯಿ, ತಂದೆ, ಪೊಲೀಸು ಎಲ್ಲವೂ. ರಾಯರಿಗೆ ಆರು ವರ್ಷವಾಗಿದ್ದಾಗ ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಹತ್ತೊಂಬತ್ತರ ಹುಡುಗಿ ಗುಂಡಿ-ದಾರದ ಅಂಗಡಿ ಇಟ್ಟು, ನಲವತ್ತೆರಡು ವರ್ಷ ನಡೆಸಿ, ತಮ್ಮನನ್ನು ಓದಿಸಿ, ಕೆಲಸಕ್ಕೆ ಹಚ್ಚಿ, ಮದುವೆ ಮಾಡಿಸಿದಳು. ತಾನು ಮಾತ್ರ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಉಳಿದುಬಿಟ್ಟಳು. ತಮ್ಮನಿಗೆ ಕಲಿಸಲು ಹೋಗಿ ಅವಳು ಸೋತ ವಿದ್ಯೆ ಒಂದೇ.

“ಬೆಲೆ ಹೇಳೋವಾಗ ನೆಲ ನೋಡಬೇಡ್ವೋ. ನೆಲ ನೋಡಿದ್ಯೋ, ಎದುರಿಗಿರೋರಿಗೆ ಗೊತ್ತಾಗಿಬಿಡುತ್ತೆ, ಇವನಿಗೇ ನಂಬಿಕೆ ಇಲ್ಲ ಅಂತ.”

ರಾಯರು ಜೀವಮಾನವಿಡೀ ನೆಲವನ್ನೇ ನೋಡಿದರು. ಈಗ ಅಕ್ಕನ ಎರಡು ಶ್ವಾಸಕೋಶದಲ್ಲಿ ಒಂದೂ ಸರಿಯಿರಲಿಲ್ಲ. ಡಾಕ್ಟರು ತಿಂಗಳ ಮಾತು ಬಿಟ್ಟು ವಾರದ ಮಾತಾಡಲು ಶುರುಮಾಡಿದ್ದರು. ಪುಸ್ತಕ ಏರಿಸಿದ ಸಂಜೆಯೇ ರಾಯರು ಫೋನ್ ಹಿಡಿದು ಅಕ್ಕನ ಮಂಚದ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

“ಅಕ್ಕಾ, ಓದ್ತೀನಿ, ಕೇಳು.”

“ಎಷ್ಟಕ್ಕೆ ಇಟ್ಟಿದೀಯ?”

“ಅದೇ, ಇನ್ನೂ ಯೋಚನೆ ಮಾಡ್ತಿದೀನಿ.”

“ನೂರಿಡು. ಒಂದಾದ್ರೂ ಹೋಗಲಿ, ಆಮೇಲೆ ಓದು. ನೆಂಟನಲ್ಲದೋನು ಒಬ್ಬ ಕೈಯಿಂದ ಕಾಸು ಬಿಚ್ಚಿ ತಗೊಂಡ ಅಂತ ಬಂದು ಹೇಳು, ಪೂರ್ತಿ ಕೇಳ್ತೀನಿ. ತಮ್ಮ ಬರೆದ ಅಂತ ಬಿಟ್ಟಿ ಹೊಗಳೋಕೆ ನನ್ನ ಹತ್ರ ಉಸಿರಿಲ್ಲ ಕಣೋ.”

ಆಮೇಲೆ ಅವಳು ಕೆಮ್ಮಿದ ರೀತಿ ನೋಡಿದರೆ ಅದು ಬರೀ ಮಾತಲ್ಲ ಅನ್ನುವುದು ಗೊತ್ತಾಗುತ್ತಿತ್ತು. ರಾಯರು ನೂರಿಟ್ಟರು, ಕಾಯತೊಡಗಿದರು. ವೆಬ್‌ಸೈಟಿನಲ್ಲಿ ಲೇಖಕರಿಗೆಂದೇ ಇರುವ ಪುಟದಲ್ಲಿ ‘ಮಾರಾಟ’ ಅಂತ ಬರೆದು ಎದುರಿಗೆ ಒಂದು ಸೊನ್ನೆ ಇಟ್ಟಿದ್ದರು. ರಾಯರು ಅದನ್ನು ಎದ್ದಾಗ ನೋಡಿದರು, ಬಸ್ಸಿನಲ್ಲಿ ನೋಡಿದರು, ಹೆಣ ಎತ್ತಿ ಎರಡು ದಿನವಾಗದ ಮನೆಯ ಹಜಾರದಲ್ಲಿ ಸೋಫಾದ ಸ್ಪ್ರಿಂಗು ಅಮುಕುತ್ತಾ ಇನ್ನೊಂದು ಕೈಯಲ್ಲಿ ನೋಡಿದರು. ಮೂರು ವಾರ ಕಳೆದರೂ ಸೊನ್ನೆ ಕದಲಲಿಲ್ಲ. ದಿನಾ ಸಂಜೆ ಅಕ್ಕ ಹುಬ್ಬು ಎತ್ತುತ್ತಿದ್ದಳು, ರಾಯರು ನೆಲ ನೋಡುತ್ತಿದ್ದರು.

ಮೂರು ವಾರವೆಂದರೆ ಮೂರು ಹರಾಜು. ಯಾರೂ ಕೈಯೆತ್ತಿಲ್ಲ. ಮೂರನೇ ಭಾನುವಾರ ಬೆಳಿಗ್ಗೆ ರಾಯರು ಊಟದ ಮೇಜಿನ ಮೇಲೆ ಕಡಿತದ ಫಾರಂ ಹರಡಿಕೊಂಡು ಪೆನ್ಸಿಲು ಕೆತ್ತಿದರು.

“ಕಾಗದ ಇಲ್ಲ. ಮೂವತ್ತು ಹೋಯ್ತು. ಬೈಂಡಿಂಗ್ ಇಲ್ಲ, ಇಪ್ಪತ್ತು.”

“ರೀ, ಅದು ಹೊಸಾ ಪುಸ್ತಕ. ಈ ಫಾರಂ ಹಳೇ ಸಾಮಾನಿಗಲ್ವಾ?” ಎಂದಳು ಹೆಂಡತಿ.

“ಹನ್ನೊಂದು ಸಲ ನಾನೇ ಓದಿದೀನಿ. ಹೊಸದು ಹೇಗಾಗುತ್ತೆ? ಹಿಂದಿನ ಬಳಕೆ, ಹದಿನೈದು. ಮಾಲೀಕರು ಹೆಸರುವಾಸಿಗಳೇ? ಅಲ್ಲ. ಇಪ್ಪತ್ತೈದು. ಹರಾಜಿನಲ್ಲಿ ಎತ್ತಿ ತೋರಿಸೋಕಾಗುತ್ತಾ? ಆಗಲ್ಲ. ಹತ್ತು.”

“ನೂರೂ ಮುಗೀತಲ್ಲ. ನಿಲ್ಲಿಸಿ.”

“ಒಂದು ಸಾಲು ಉಳಿದಿದೆ. ಬಳಸೋಕೆ ಬೇಕಾದ ಉಪಕರಣ ಕೊಳ್ಳೋರೇ ತರಬೇಕು. ಫೋನು ಅವರದೇ ತಾನೇ? ಹನ್ನೆರಡು.” ರಾಯರು ಕೆಳಗೆ ಗೆರೆ ಎಳೆದರು. “ಮೈನಸ್ ಹನ್ನೆರಡು.”

ವೆಬ್‌ಸೈಟು ಸೊನ್ನೆಯ ತನಕ ಒಪ್ಪಿತು. ಅದಕ್ಕಿಂತ ಕೆಳಗೆ ಹೋದಾಗ ಪೆಟ್ಟಿಗೆಯ ಸುತ್ತ ಕೆಂಪಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ರಾಯರು ವೆಬ್‌ಸೈಟಿನಲ್ಲಿ ಸೊನ್ನೆ ಇಟ್ಟು, ಉಳಿದ ಹನ್ನೆರಡನ್ನು ಕೈಯಿಂದ ಕೊಡುವುದು ಎಂದು ತೀರ್ಮಾನಿಸಿದರು. ಅವರ ಲೆಕ್ಕಾಚಾರ ತೀರಾ ಅಡ್ಡಾದಿಡ್ಡಿಯೇನಲ್ಲ. ಒಬ್ಬರು ಓದಿ ಚೆನ್ನಾಗಿದೆ ಎಂದರೆ ಇನ್ನೊಬ್ಬರು ಕಾಸು ಕೊಟ್ಟು ಕೊಳ್ಳುತ್ತಾರೆ, ಆಗ ಅಕ್ಕನಿಗೆ ಓದಬಹುದು. ಅವಸರವಿತ್ತು.

“ನಿಮ್ಮನ್ನೂ ಒಂದಿನ ಆ ಫಾರಂಗೆ ಹಾಕಿ ನೋಡ್ತೀನಿ. ಹೊತ್ತುಕೊಂಡು ಹೋಗೋರಿಗೆ ನಾನೆಷ್ಟು ಕೊಡಬೇಕಾಗುತ್ತೋ ಏನೋ” ಎಂದು ಹೆಂಡತಿ ಎದ್ದು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ರಾಯರ ಕೈಗೆ ಸಿಕ್ಕವನು ಮೇಲಿನ ಮಹಡಿಯ ಬಸ್ ಕಂಡಕ್ಟರು. ಅವನ ಅಪ್ಪ ಹಳೇ ದರ್ಜಿ, ಸೊಂಟದ ಮೂಳೆ ಮುರಿದುಕೊಂಡು ಏಳು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಕಂಡಕ್ಟರು ಚೀಲ ಹೆಗಲಿಗೇರಿಸಿಕೊಂಡು ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದ. ರಾಯರು ಅಡ್ಡ ನಿಂತು, ಅವನ ಫೋನಿಗೆ ಪುಸ್ತಕದ ಲಿಂಕ್ ಕಳಿಸಿ, ಹತ್ತರ ನೋಟು, ಒಂದು ಎರಡರ ನಾಣ್ಯ ಅಂಗೈಗೆ ಒತ್ತಿದರು.

“ಏನು ಸ್ವಾಮಿ ಇದು?”

“ಇಟ್ಕೊಳ್ಳಿ. ನಿಮ್ಮ ಮನೆಗೆ ಇದು ಬೇಕಾಗುತ್ತೆ. ನೋಡಿ, ಆಮೇಲೆ ಮಾತಾಡೋಣ” ಎಂದರು ರಾಯರು, ಎಂದಿನಂತೆ ನೆಲ ನೋಡುತ್ತಾ.

ಕಾಸು ಕೊಟ್ಟ ಕೈಯಿಂದ ಕಾಸು ತೆಗೆದುಕೊಳ್ಳುವುದು ಕಂಡಕ್ಟರನ ರಕ್ತದಲ್ಲಿ ಬಂದದ್ದು. ಬಸ್ಸು ಮೂರು ನಿಲ್ದಾಣ ದಾಟಿದ ಮೇಲೆ ಅವನು ಲಿಂಕ್ ಒತ್ತಿದ. ‘ಸತ್ತವರ ಮನೆ ಖಾಲಿ ಮಾಡುವ ಕ್ರಮ.’ ಕಳಿಸಿದವರು ಹರಾಜು ಮಳಿಗೆಯವರು. ಜೊತೆಗೆ ನಗದು. ಆ ಬಸ್ಸಿನಲ್ಲಿ ಅಂದು ಮಧ್ಯಾಹ್ನದವರೆಗೆ ಯಾರಿಗೂ ಸರಿಯಾದ ಟಿಕೆಟು ಸಿಗಲಿಲ್ಲ. ಸಂಜೆ ಹೊತ್ತಿಗೆ ಮೇಲಿನ ಮನೆಯಿಂದ ರಾಯರಿಗೆ ಬುಲಾವು ಬಂತು. ಬುಲಾವು ಎಂದರೆ ಕಂಡಕ್ಟರು ಇಳಿದು ಬಂದು ತೋಳು ಹಿಡಿದು ಹತ್ತಿಸಿಕೊಂಡು ಹೋದ.

“ನಮ್ಮಪ್ಪ ಇನ್ನೂ ಉಸಿರಾಡ್ತಿದಾರೆ ಸ್ವಾಮಿ! ಆಗಲೇ ಸಾಮಾನಿಗೆ ಅಡ್ವಾನ್ಸ್ ಕೊಡ್ತೀರಾ?”

“ಅದೂ ಹನ್ನೆರಡು” ಎಂದಳು ಅವನ ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡು. “ಆ ಹೊಲಿಗೆ ಮಿಶನ್ನೊಂದೇ ಎರಡು ಸಾವಿರಕ್ಕೆ ಹೋಗುತ್ತೆ.”

“ಅಯ್ಯೋ, ಅದು ಅಡ್ವಾನ್ಸ್ ಅಲ್ಲ, ಪುಸ್ತಕದ ಬೆಲೆ.”

“ಪುಸ್ತಕದ ಬೆಲೆ ಆದ್ರೆ ನಾವು ಕೊಡಬೇಕು!”

“ಇದು ಮೈನಸ್ಸು. ನಾನೇ ಕೊಡಬೇಕು.”

ಇದಕ್ಕಿಂತ ದೊಡ್ಡ ಸತ್ಯ ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ಅದನ್ನು ನಂಬುವವರೂ ಯಾರೂ ಇರಲಿಲ್ಲ. ಕಂಡಕ್ಟರು ಎಲ್ಲರೆದುರಿಗೆ ಫೋನ್ ಎತ್ತಿ ಹಿಡಿದು, “ಇಗೋ ನಿಮ್ಮ ಪುಸ್ತಕ!” ಎಂದು ಅದನ್ನು ತನ್ನ ಖಾತೆಯಿಂದಲೇ ಕಿತ್ತುಹಾಕಿದ. ಆಗ ಮಂಚದ ಮೇಲಿನಿಂದ ದರ್ಜಿಯಜ್ಜನ ದನಿ ಬಂತು.

“ಬಿಡೋ, ಅವರ ಕೆಲಸ ಅವರು ಮಾಡ್ತಾರೆ. ಏನಪ್ಪಾ, ಸಾಮಾನು ನೋಡದೇನೇ ಅಡ್ವಾನ್ಸ್ ಕೊಡೋದಾ? ನಿಮ್ಮಕ್ಕನ ಹತ್ರ ನಲವತ್ತು ವರ್ಷ ಗುಂಡಿ ತಗೊಂಡೋನು ನಾನು. ಆಯಮ್ಮ ಎಣಿಸದೆ ಒಂದು ಗುಂಡಿ ಕೊಡ್ತಿರಲಿಲ್ಲ. ಹೇಳು, ಈ ಮಂಚಕ್ಕೆ ಎಷ್ಟು ಹಾಕ್ತೀಯ?”

ರಾಯರು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಆದರೆ ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಹೋಗಿ ಮಂಚದ ಕಾಲು ತಟ್ಟಿತು. ಒಳ್ಳೆಯ ಮರ. ಗೆದ್ದಲಿಲ್ಲ. ಮೂಲೆಯಲ್ಲಿ ಸಣ್ಣ ಬಿರುಕು.

“ಈಗ ಆದ್ರೆ ಎಂಟುನೂರು.”

“ಈಗ ಆದ್ರೆ ಅಂದ್ರೆ?”

ಸೊಸೆ ಮೂಗೊರೆಸುವುದನ್ನು ನಿಲ್ಲಿಸಿದಳು.

“ಆಮೇಲೆ ಆದ್ರೆ ನಾನೂರು” ಎಂದರು ರಾಯರು.

ಅಜ್ಜ ಸೂರು ನೋಡುತ್ತಾ ತುಟಿಯಲ್ಲೇ ಏನೋ ಲೆಕ್ಕ ಹಾಕಿದ. “ಅಂದ್ರೆ ನಾನು ಇದರ ಮೇಲೆ ಹೋದ್ರೆ ನನ್ನ ಮಗನಿಗೆ ನಾನೂರು ಖೋತಾ” ಎಂದ. ಮಗ ಬೇಡವೆಂದು ಅತ್ತರೂ ಸೊಸೆ ಗದರಿದರೂ ಕೇಳದೆ ಹಟ ಹಿಡಿದು, ಕತ್ತಲಾಗುವ ಮುಂಚೆ ತನ್ನ ಹಾಸಿಗೆಯನ್ನು ನೆಲದ ಮೇಲೆ ಹಾಕಿಸಿಕೊಂಡ. ಏಳು ತಿಂಗಳಲ್ಲಿ ಅವನು ಮಂಚದಿಂದ ಇಳಿದದ್ದು ಅದೇ ಮೊದಲು.

ಸುದ್ದಿಗೆ ನಾಲ್ಕು ಮಹಡಿ ಹತ್ತಲು ಎರಡು ದಿನ ಸಾಕಾಯಿತು. ಬುಧವಾರ ನಾಲ್ಕನೇ ಮಹಡಿಯ ಪೋಸ್ಟ್‌ಮಾಸ್ಟರನ ಅತ್ತೆ ನೆಲಕ್ಕಿಳಿದಳು. ಗುರುವಾರ ನೆಲಮಹಡಿಯ ನಿವೃತ್ತ ಹೆಡ್‌ಮಾಸ್ಟರು ಇಳಿದರು. ಅವರಿಗೆ ಇನ್ನೂ ಅರವತ್ತಾರು, ದಿನಾ ನಾಲ್ಕು ಮೈಲಿ ನಡೆಯುವ ಗಟ್ಟಿ ಆಸಾಮಿ. ಕೇಳಿದರೆ, “ಯಾವತ್ತು ಅಂತ ಹೇಳಿ ಬರುತ್ತೇನ್ರೀ?” ಎಂದರು. ಮೊದಲ ಮಹಡಿಯ ಮುದುಕಿಯೊಬ್ಬಳು ರಾಯರನ್ನು ಕಿಟಕಿಯಿಂದಲೇ ಕೂಗಿ, ತನ್ನದು ಕಬ್ಬಿಣದ ಮಂಚ, ಅದಕ್ಕೇನು ನಿಯಮ ಎಂದು ಕೇಳಿದಳು. ಕಬ್ಬಿಣ ತೂಕದ ಮೇಲೆ ಹೋಗುತ್ತೆ, ಕಡಿತವಿಲ್ಲ ಎಂದು ರಾಯರು ಒಪ್ಪಿಕೊಳ್ಳಬೇಕಾಯಿತು. ಅಂದಿನಿಂದ ಇಡೀ ಕಟ್ಟಡದಲ್ಲಿ ಮಂಚದ ಮೇಲೆ ನೆಮ್ಮದಿಯಾಗಿ ಮಲಗುತ್ತಿದ್ದ ಏಕೈಕ ವೃದ್ಧೆ ಅವಳು, ಅದನ್ನು ದಿನಕ್ಕೆರಡು ಸಲ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಲೂ ಇದ್ದಳು.

ಪುಸ್ತಕವನ್ನೂ ಜನ ಬಿಡಲಿಲ್ಲ. ಬಿಟ್ಟಿ ಇತ್ತಲ್ಲ, ನಲವತ್ತು ಮಂದಿ ಇಳಿಸಿಕೊಂಡರು. ಎಲ್ಲರೂ ಹುಡುಕಿದ್ದು ಮಂಚದ ಬೆಲೆಪಟ್ಟಿಯನ್ನು. ಅದು ಸಿಗದೆ ಸಿಟ್ಟಾಗಿ ಒಬ್ಬೊಬ್ಬರೂ ವೆಬ್‌ಸೈಟಿನಲ್ಲಿ ಅದಕ್ಕೆ ಒಂದೊಂದೇ ನಕ್ಷತ್ರ ಕೊಟ್ಟರು. ‘ಬೆಲೆಪಟ್ಟಿ ಇಲ್ಲ. ಮೋಸ’ ಎಂದು ಹೆಡ್‌ಮಾಸ್ಟರು ಕಾಗುಣಿತದ ತಪ್ಪಿಲ್ಲದೆ ಬರೆದರು. ಮಾರಾಟದ ಸೊನ್ನೆ ಇದ್ದಲ್ಲೇ ಇತ್ತು.

ಮುಂದಿನ ವಾರ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದ. ಒಂದೇ ಕಟ್ಟಡದಲ್ಲಿ ವಯಸ್ಸಾದವರು ಸಾಲಾಗಿ ನೆಲ ಹಿಡಿಯುತ್ತಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆಮನೆ ಸುತ್ತಿ, ನೀರಿನ ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿ, ಕೊನೆಗೆ ರಾಯರ ಬಾಗಿಲಿಗೆ ಬಂದ.

“ರೋಗದ ಮೂಲ ನೀವೇ ಅಂತ ಎಲ್ಲರೂ ಹೇಳ್ತಿದಾರೆ. ಏನು ಕೊಟ್ರಿ ಅವರಿಗೆ?”

“ಪುಸ್ತಕ.”

ಇನ್ಸ್‌ಪೆಕ್ಟರನ ಕಾಗದದಲ್ಲಿ ಮೂಲ ಅನ್ನುವ ಅಂಕಣದ ಕೆಳಗೆ ನೀರು, ಗಾಳಿ, ಆಹಾರ, ಕೀಟ ಎಂದು ನಾಲ್ಕೇ ಇದ್ದವು. ಅವನು ತುಂಬಾ ಹೊತ್ತು ಯೋಚಿಸಿ ಕೀಟದ ಮುಂದೆ ಗುರುತು ಹಾಕಿಕೊಂಡು ಹೋದ.

ಮಳಿಗೆಯ ಮ್ಯಾನೇಜರಿಗೆ ಕಂಡಕ್ಟರು ಬರೆದ ದೂರು ತಲುಪಿತ್ತು. ಮ್ಯಾನೇಜರು ರಾಯರನ್ನು ಎದುರಿಗೆ ನಿಲ್ಲಿಸಿಕೊಂಡರು. “ಬದುಕಿರೋರ ಮಂಚಕ್ಕೆ ಬೆಲೆ ಹೇಳಿದ್ರಾ?”

“ಅವರೇ ಕೇಳಿದ್ರು ಸಾರ್.”

“ಯಾವ ಫಾರಂನಲ್ಲಿ ಹೇಳಿದ್ರಿ?”

“ಫಾರಂ ಇಲ್ಲ ಸಾರ್. ಬಾಯಲ್ಲಿ.”

“ಫಾರಂ ಇಲ್ಲದೆ!” ಎಂದು ಮ್ಯಾನೇಜರು ನಿಜವಾಗಿಯೂ ನೊಂದುಕೊಂಡರು. ಹದಿನೈದು ದಿನ ಅಮಾನತಿನ ಆದೇಶಕ್ಕೆ ಸಹಿ ಹಾಕಿ, ಸೀಲು ಒತ್ತಿ, ಎದ್ದು ಹೋಗಿ ಬಾಗಿಲು ಭದ್ರಪಡಿಸಿ ಬಂದರು. ಆಮೇಲೆ ದನಿ ತಗ್ಗಿಸಿ, “ನಮ್ಮತ್ತೆಯವರದು ಹಳೇ ಕಾಲದ ಗಟ್ಟಿ ಮರ. ಕೆತ್ತನೆ ಬೇರೆ ಇದೆ. ಈಗ ಆದ್ರೆ ಎಷ್ಟು ಬರಬಹುದು?” ಎಂದು ಕೇಳಿದರು. ರಾಯರು ಈ ಸಲ ಫಾರಂ ಕೊಡಿ ಸಾರ್ ಎಂದು ಹೇಳಿ ಹೊರಗೆ ಬಂದರು. ಅಲ್ಲಿಂದ ನೇರ ಮನೆಗೆ ಹೋಗದೆ ದರ್ಜಿಯಜ್ಜನ ಹತ್ತಿರ ಹೋಗಿ, ದಮ್ಮಯ್ಯ, ಮಂಚ ಹತ್ತಿ ಎಂದು ಕೈ ಹಿಡಿದು ಬೇಡಿಕೊಂಡರು. ಅಜ್ಜ, “ಕೂಡಿಟ್ಟು ಮಗನಿಗೆ ಕೊಟ್ಟೋನಲ್ಲ ನಾನು. ಇದೊಂದು ನಾನೂರು ನನ್ನ ಕೈಲಾಗುತ್ತೆ, ಬಿಡಪ್ಪ” ಎಂದು ಮಗ್ಗುಲು ತಿರುಗಿದ. ತಾವು ಎಂಥ ಕೆಲಸ ಮಾಡಿಬಿಟ್ಟೆವೆಂದು ಹಲುಬುತ್ತಾ ರಾಯರು ಮೆಟ್ಟಿಲಿಳಿದರು.

ಅಮಾನತಿನ ದಿನಗಳಲ್ಲಿ ಅವರಿಗೆ ಹೋಗಲು ಇದ್ದ ಜಾಗ ಅಕ್ಕನ ಕೋಣೆಯೊಂದೇ. ಒಂಬತ್ತನೇ ದಿನ ಮಧ್ಯಾಹ್ನ ಹೋದಾಗ ಅಕ್ಕನಿಗೆ ಎಲ್ಲ ಗೊತ್ತಾಗಿತ್ತು. ನೋಡಿಕೊಳ್ಳಲು ಬರುತ್ತಿದ್ದ ನರ್ಸಮ್ಮ ಇನ್ಸ್‌ಪೆಕ್ಟರನ ಕೀಟದ ತನಕ ವರದಿ ಒಪ್ಪಿಸಿದ್ದಳು. ಅಕ್ಕ ನಗಲು ಹೋಗಿ ಕೆಮ್ಮಿದಳು, ಕೆಮ್ಮು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ತುಟಿ ನೀಲಿಯಾಗಿತ್ತು.

“ನನ್ನ ಮಂಚಕ್ಕೆ ಎಷ್ಟೋ?”

ರಾಯರು ನೆಲ ನೋಡಿದರು.

“ಹೇಳೋ. ನೆಲ ನೋಡಬೇಡ.”

“ಆರುನೂರು.”

“ಆಮೇಲೆ ಮುನ್ನೂರು. ಇರಲಿ, ನಾನಿಳಿಯಲ್ಲ. ಮುನ್ನೂರು ಉಳಿಸಿ ಯಾರಿಗೆ ಕಟ್ಟಿಕೊಡಲಿ? ನೀನೇ ತಗೋ, ಅರ್ಧಕ್ಕೆ ಸಿಗುತ್ತೆ.” ಉಸಿರು ಸಿಕ್ಕುವ ತನಕ ಕಣ್ಣು ಮುಚ್ಚಿಕೊಂಡಿದ್ದು, ಮತ್ತೆ ತೆರೆದಳು. “ಪುಸ್ತಕ ಒಂದಾದ್ರೂ ಹೋಯ್ತೇನೋ?”

ನರ್ಸಮ್ಮ ಬಾಗಿಲಲ್ಲಿ ನಿಂತು, ಇನ್ನು ಹೆಚ್ಚು ದಿನ ಇಲ್ಲ ಅನ್ನುವ ಹಾಗೆ ರಾಯರ ಕಡೆಗೆ ತಲೆಯಾಡಿಸಿದ್ದಳು.

“ಹೋಯ್ತು ಅಕ್ಕ” ಎಂದರು ರಾಯರು.

“ಎಷ್ಟಕ್ಕೆ?”

“ನೂರಕ್ಕೆ.”

ಹೇಳಿದಾಗ ಅವರು ಅಕ್ಕನ ಕಣ್ಣನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅವರು ನೆಲ ನೋಡದೆ ಹೇಳಿದ ಮೊದಲ ಬೆಲೆ ಅದು, ಅದೂ ಸುಳ್ಳು. ಅಕ್ಕ ತಮ್ಮನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದಳು.

“ಇನ್ನೂ ಇಪ್ಪತ್ತು ಹೆಚ್ಚು ಹೇಳಬಹುದಿತ್ತು. ಸರಿ, ಓದು.”

ರಾಯರು ಓದಿದರು. ಅಕ್ಕ ಸುಮ್ಮನೆ ಕೇಳುವ ಜಾಯಮಾನದವಳಲ್ಲ. ಔಷಧದ ಡಬ್ಬಿಯ ಅಧ್ಯಾಯಕ್ಕೆ ಹೂಂ ಎಂದಳು. ರೇಡಿಯೋ ಜಗಳದ ಕಡೆ, “ನಿನಗೆ ಜಗಳ ಆಡೋಕೆ ನಾನೊಬ್ಬಳೇ, ಬದುಕಿಕೊಂಡೆ” ಎಂದಳು. ಹಲ್ಲಿನ ಸೆಟ್ಟಿನ ಪುಟವನ್ನು ಎರಡು ಸಲ ಓದಿಸಿದಳು. ನಲವತ್ತೊಂದನೇ ಪುಟದ ಹೊತ್ತಿಗೆ ಅವಳ ಹೂಂ ನಿಂತಿತ್ತು, ನಿದ್ದೆ ಬಂದಿದೆ ಎಂದು ರಾಯರು ಫೋನ್ ಮಡಿಲಲ್ಲಿಟ್ಟುಕೊಂಡರು. ಮಾರನೇ ದಿನ ಬೆಳಿಗ್ಗೆ ಉಳಿದ ಎಪ್ಪತ್ತೊಂದು ಪುಟ ಓದಲು ಬಂದಾಗ ನರ್ಸಮ್ಮ ಬಾಗಿಲಲ್ಲೇ ಅವರ ಕೈ ಹಿಡಿದುಕೊಂಡಳು.

ಅಕ್ಕನ ಕೋಣೆಯನ್ನು ರಾಯರು ಪುಸ್ತಕದಲ್ಲಿ ಬರೆದ ಕ್ರಮದಲ್ಲೇ ಖಾಲಿ ಮಾಡಿದರು. ಮೊದಲು ಔಷಧದ ಡಬ್ಬಿಗಳು. ಆಮೇಲೆ ಬಟ್ಟೆ. ಆಮೇಲೆ ಕೆಳಗೆ ಅಂಗಡಿಯಲ್ಲಿ ನಲವತ್ತೆರಡು ವರ್ಷದ ಗುಂಡಿಗಳು, ಒಂದೊಂದು ಡಬ್ಬಿಯ ಮೇಲೂ ಅಕ್ಕನ ಅಕ್ಷರದಲ್ಲಿ ಬೆಲೆ, ಯಾವುದರಲ್ಲೂ ತಿದ್ದು ಇಲ್ಲ. ಪುಸ್ತಕದಲ್ಲಿ ಎಲ್ಲ ಇತ್ತು. ಡಬ್ಬಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತು ಎರಡು ಗಂಟೆ ಅತ್ತರೆ ಏನು ಮಾಡಬೇಕು ಎಂಬುದೊಂದು ಇರಲಿಲ್ಲ. ಮಂಚಕ್ಕೆ ಮುನ್ನೂರರ ಚೀಟಿ ಬರೆದು, ತಾವೇ ಆ ಮುನ್ನೂರು ಕಟ್ಟಿ, ಅದನ್ನು ಮನೆಗೆ ತಂದರು.

ಅಂದು ಸಂಜೆ ಅವರು ಪುಸ್ತಕದ ಬೆಲೆಯನ್ನು ನೂರ ಇಪ್ಪತ್ತಕ್ಕೆ ಏರಿಸಿದರು.

“ಬಿಟ್ಟಿ ಕೊಟ್ರೂ ಬೈಸಿಕೊಂಡ್ರಿ. ಈಗ ಏರಿಸ್ತಿದೀರಲ್ಲ, ಫಾರಂ ಏನು ಹೇಳುತ್ತೆ?” ಎಂದಳು ಹೆಂಡತಿ.

“ಫಾರಂಗೇನು ಗೊತ್ತು?” ಎಂದರು ರಾಯರು. ಹೆಂಡತಿ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದಳು.

ಎರಡು ತಿಂಗಳು ಸೊನ್ನೆ ಸೊನ್ನೆಯಾಗಿಯೇ ಇತ್ತು. ಕಟ್ಟಡದ ಉಳಿದವರು ಒಬ್ಬೊಬ್ಬರಾಗಿ ಮಂಚ ಹತ್ತಿದರು. ಹೆಡ್‌ಮಾಸ್ಟರು ನೆಲದ ಥಂಡಿಗೆ ಮಂಡಿ ಹಿಡಿಸಿಕೊಂಡು, ಅದನ್ನೂ ಪುಸ್ತಕದ ಖಾತೆಗೆ ಹಾಕಿ ಇನ್ನೊಂದು ದೂರು ಬರೆದರು. ಹತ್ತದೆ ಉಳಿದವನು ದರ್ಜಿಯಜ್ಜ ಒಬ್ಬನೇ. ಒಂದು ಭಾನುವಾರ ಮಧ್ಯಾಹ್ನ, ಮೊಮ್ಮಗಳ ಅಂಗಿಗೆ ಗುಂಡಿ ಹೊಲಿಯುತ್ತಾ, ಸೂಜಿ ಬಟ್ಟೆಯಲ್ಲಿರುವಾಗಲೇ ನೆಲದ ಹಾಸಿಗೆಯ ಮೇಲೆ ಹೋಗಿಬಿಟ್ಟ. ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ, ನಾನು ಕೊಟ್ಟ ಗಡುವಿಗಿಂತ ಒಂದು ತಿಂಗಳು ಹೆಚ್ಚೇ ಇದ್ದರು ಎಂದರು ಡಾಕ್ಟರು. ಆದರೂ ರಾಯರು ಆ ದಿನ ಊಟ ಮಾಡಲಿಲ್ಲ.

ನಾಲ್ಕನೇ ದಿನ ಕಂಡಕ್ಟರು ಮೆಟ್ಟಿಲ ಮೇಲೆ ಅವರನ್ನು ತಡೆದ. ಗಡ್ಡ ಬಂದಿತ್ತು. ಮೇಲಿನ ಮನೆಯಲ್ಲಿ ಅವನ ತಂಗಿಯರಿಬ್ಬರು ಹೊಲಿಗೆ ಮಿಶನ್ನಿಗಾಗಿ ಕಿತ್ತಾಡುವುದು ಕೆಳಗಿನ ತನಕ ಕೇಳುತ್ತಿತ್ತು.

“ಸ್ವಾಮಿ, ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ. ಮೊದಲು ಔಷಧದ ಡಬ್ಬಿ ತೆಗೀರಿ ಅಂತೇನೋ ನಿಮ್ಮ ಪುಸ್ತಕದಲ್ಲಿ ನೋಡಿದ್ದೆ. ಆವತ್ತು ಅಳಿಸಿಬಿಟ್ಟೆ. ಈಗ ಹೋಗಿ ನೋಡಿದ್ರೆ ನೂರ ಇಪ್ಪತ್ತು ತೋರಿಸ್ತಿದೆ. ಬಿಟ್ಟಿ ಇತ್ತಲ್ಲ ಸ್ವಾಮಿ?”

ರಾಯರ ಗಂಟಲಿಗೆ ಮಾತು ಬಂದೇಬಿಟ್ಟಿತ್ತು, ಅಯ್ಯೋ ಹಾಗೇ ತಗೊಳ್ಳಿ, ಕಾಸು ಯಾಕೆ ಎಂದು. ಕಣ್ಣು ನೆಲದತ್ತ ಹೊರಟಿತ್ತು. ಅವರು ಅದನ್ನು ಅರ್ಧ ದಾರಿಯಲ್ಲಿ ತಡೆದು, ಎತ್ತಿ, ಕಂಡಕ್ಟರನ ಮುಖದ ಮೇಲೆ ನಿಲ್ಲಿಸಿದರು.

“ನೂರ ಇಪ್ಪತ್ತು” ಎಂದರು. ಕಣ್ಣು ಕದಲಿಸಲಿಲ್ಲ.

ಕಂಡಕ್ಟರು ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನ್ ಒತ್ತಿದ. ಒತ್ತಿ ಮುಗಿಸಿ, ಅಂಗಿಯ ಒಳಜೇಬಿನಿಂದ ಹತ್ತರ ನೋಟು, ಎರಡರ ನಾಣ್ಯ ತೆಗೆದು ಕೊಟ್ಟ. “ಇದನ್ನ ವಾಪಸ್ ಕೊಡು ಅಂತ ಅಪ್ಪ ದಿನಾ ಹೇಳ್ತಿದ್ರು. ನಾನೇ ಮುಖ ತಪ್ಪಿಸ್ತಿದ್ದೆ.” ಆಮೇಲೆ, “ಬನ್ನಿ, ಬೆಲೆ ಹಾಕಿ” ಎಂದು ಮೇಲೆ ಕರೆದುಕೊಂಡು ಹೋದ.

ಮಂಚ ಗೋಡೆಗೆ ಒರಗಿ ಖಾಲಿ ನಿಂತಿತ್ತು. ರಾಯರು ಫಾರಂ ತೆರೆದು, ಕಾಲು ತಟ್ಟಿ, ಚೀಟಿ ಬರೆದು ಅಂಟಿಸಿದರು. ಸೊಸೆ ಬಗ್ಗಿ ಓದಿ, “ಎಂಟುನೂರು ಅಂತ ಬರೆದಿದೀರಲ್ಲ. ಅರ್ಧ ಅಲ್ವಾ?” ಎಂದಳು.

“ಅವರು ನೆಲದ ಮೇಲೆ ಹೋದದ್ದಮ್ಮ. ಇದು ಪೂರ್ತಿ.”

ನಾಲ್ಕು ದಿನದಿಂದ ಬಂದವರಿಗೆ ಕಾಫಿ ಕೊಡುತ್ತಾ, ತಂಗಿಯರನ್ನು ಬಿಡಿಸುತ್ತಾ ಓಡಾಡುತ್ತಿದ್ದ ಕಂಡಕ್ಟರು ಆ ಹಳದಿ ಚೀಟಿಯನ್ನು ನೋಡಿದವನೇ ಮಂಚದ ಪಟ್ಟಿ ಹಿಡಿದುಕೊಂಡು ಸಣ್ಣ ಮಗುವಿನಂತೆ ಅತ್ತ. ಪಕ್ಕದ ಕೋಣೆಯಲ್ಲಿ ಮಿಶನ್ನಿನ ಜಗಳ ನಿಂತಿತು. ರಾಯರು ಅವನ ಅಳು ಮುಗಿಯುವ ತನಕ ಕಾದರು, ಏನನ್ನೂ ಕಡಿಯಲಿಲ್ಲ.

ಮನೆಗೆ ಇಳಿದು ಬಂದಾಗ ಹೆಂಡತಿ ಅಕ್ಕನ ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ರಾಯರು ಪಕ್ಕದಲ್ಲಿ ಕೂತು ಫೋನ್ ತೋರಿಸಿದರು. ‘ಮಾರಾಟ’ದ ಎದುರಿಗೆ ಒಂದು ಅಂತ ಇತ್ತು.

“ಅಕ್ಕನಿಗೆ ಹೇಳಬೇಕಿತ್ತು ಕಣೇ.”

ಹೆಂಡತಿ ಸೊಪ್ಪಿನ ದಂಟು ಮುರಿದು ಪಕ್ಕಕ್ಕಿಟ್ಟಳು.

“ಆಗಲೇ ಹೇಳಿದ್ದೀರಲ್ಲ ರೀ” ಎಂದಳು.